ಮುಸ್ಸಂಜೆಯ ಅರ್ಧ ಗಂಟೆ: ನಿಮ್ಮೂರಿನ ಬಾವಲಿಗಳ ಪರಿಚಯ ಮಾಡಿಕೊಳ್ಳುವುದು ಹೇಗೆ?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿಂದೆ ಅಡಿಕೆ ತೋಟವಿತ್ತು. ಅಡಿಕೆ ಹಣ್ಣಾಗುವ ಕಾಲಕ್ಕೆ ಬೆಳಗ್ಗೆ ಎದ್ದ ಕೂಡಲೇ ಅಜ್ಜಿ ಕೈಗೊಂದು ಬುಟ್ಟಿ ಕೊಡುತ್ತಿದ್ದರು. "ಹೋಗು, ಬಾವಲಿ ಅಡಿಕೆ ಹೆಕ್ಕಿಕೊಂಡು ಬಾ" ಅನ್ನುತ್ತಿದ್ದರು. ನಾನು ಹೋಗುತ್ತಿದ್ದದ್ದು ಅಡಿಕೆ ಮರದ ಬುಡಕ್ಕಲ್ಲ, ತೋಟದ ಅಂಚಿನಲ್ಲಿದ್ದ ದೊಡ್ಡ ಮಾವಿನ ಮರದ ಬುಡಕ್ಕೆ. ಅಲ್ಲಿ ತರಗೆಲೆಯ ಮೇಲೆ ಅಡಿಕೆ ಬಿದ್ದಿರುತ್ತಿತ್ತು. ಮೇಲಿನ ಸಿಪ್ಪೆ ಕಚ್ಚಿದ ಗುರುತು ಇರುತ್ತಿತ್ತು.

ಮಾವಿನ ಮರದಡಿ ಅಡಿಕೆ ಹೇಗೆ ಬಂತು? ಆಗ ನಾನು ಕೇಳಿಕೊಳ್ಳಲೇ ಇಲ್ಲ. ಬೆಳಗ್ಗೆ ಬಾವಲಿ ಅಡಿಕೆ ಹೆಕ್ಕುತ್ತಿದ್ದ ನಾನೇ ಸಂಜೆ ಬಾವಲಿ ಹಾರಿದರೆ ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಓಡುತ್ತಿದ್ದೆ. ಕೂದಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಯಾರೋ ಹೇಳಿದ್ದರು. ಆ ಹೆದರಿಕೆ ಹೋಗಿದ್ದು ಎಷ್ಟೋ ವರ್ಷದ ಮೇಲೆ. ಒಂದು ಸಂಜೆ ಓಡದೆ ಅಂಗಳದಲ್ಲೇ ಕೂತು ನೋಡಿದೆ, ಅಷ್ಟೆ.

ಈ ಬರಹ ಅಂಥ ಒಂದು ಸಂಜೆಗೆ ನಿಮ್ಮನ್ನು ತಯಾರು ಮಾಡಲಿಕ್ಕೆ. ಹಳ್ಳಿಯಲ್ಲೇ ಇರಬೇಕು ಅಂತೇನಿಲ್ಲ. ಬೆಂಗಳೂರಿನ ಮನೆಯ ತಾರಸಿ, ಶಾಲೆಯ ಮೈದಾನ, ಕೆರೆಯ ಏರಿ, ಯಾವುದಾದರೂ ಆಗುತ್ತದೆ. ಒಂದು ನೋಟ್‌ಬುಕ್ಕು, ಪೆನ್ಸಿಲ್, ಗಡಿಯಾರ, ಕೂರಲಿಕ್ಕೊಂದು ಚಾಪೆ ಸಾಕು. ಕತ್ತಲಾಗುವ ಹೊತ್ತಿನ ಕೆಲಸ ಇದು. ಹಾಗಾಗಿ ಮನೆಯ ದೊಡ್ಡವರು ಒಬ್ಬರು ಜೊತೆಗಿರಲೇಬೇಕು.

ಮೊದಲು ನಿಮ್ಮ ಕೈ ನೋಡಿಕೊಳ್ಳಿ

ಹಗಲಲ್ಲೇ ಮಾಡುವ ಕೆಲಸ ಇದು. ನಿಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ಬೆರಳುಗಳನ್ನು ಬಿಡಿಸಿ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಉದ್ದವಾಗುತ್ತಾ ನಿಮ್ಮ ಮೈಯಷ್ಟೇ ಉದ್ದವಾದವು ಅಂದುಕೊಳ್ಳಿ. ಬೆರಳುಗಳ ನಡುವೆ ಕೊಡೆಯ ಬಟ್ಟೆಯ ಹಾಗೆ ತೆಳ್ಳನೆಯ ಚರ್ಮ. ಆ ಚರ್ಮ ಕಾಲಿನ ತನಕ ಬಂದಿದೆ. ಅದೇ ಬಾವಲಿಯ ರೆಕ್ಕೆ. ಹೆಬ್ಬೆರಳು ಮಾತ್ರ ಚಿಕ್ಕದಾಗಿ, ಕೊಕ್ಕೆಯ ಹಾಗೆ ಹೊರಗೆ ಉಳಿದಿದೆ.

ಹಾಗಾಗಿ ಬಾವಲಿ ಹಕ್ಕಿಯಲ್ಲ. ಅದಕ್ಕೆ ಗರಿ ಇಲ್ಲ, ಕೊಕ್ಕಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮರಿ ಹಾಕಿ ಹಾಲು ಕುಡಿಸುತ್ತದೆ. ಹಾರುವ ಅಳಿಲು ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ, ನಿಜ. ಆದರೆ ರೆಕ್ಕೆ ಬಡಿದು ನಿಜವಾಗಿ ಹಾರುವ ಸಸ್ತನಿ ಬಾವಲಿ ಒಂದೇ. ಲೋಕದಲ್ಲಿ 1,400ಕ್ಕೂ ಜಾಸ್ತಿ ಬಗೆಯ ಬಾವಲಿಗಳಿವೆ. ಸಸ್ತನಿಗಳ ಬಗೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಸುಮಾರು ಐದರಲ್ಲಿ ಒಂದು ಬಾವಲಿಯೇ ಆಗಿರುತ್ತದೆ. ಥಾಯ್ಲೆಂಡ್ ಮತ್ತು ಮ್ಯಾನ್ಮಾರಿನ ಗುಹೆಗಳಲ್ಲಿರುವ ಒಂದು ಬಾವಲಿಯ ತೂಕ ಬರೀ 2 ಗ್ರಾಂ. ನಮ್ಮ ಆಲದ ಮರದಲ್ಲಿ ನೇತಾಡುವ ದೊಡ್ಡ ಬಾವಲಿ ಒಂದು ಕಿಲೋ ತೂಗುತ್ತದೆ, ಕೆಲವು ಅದಕ್ಕಿಂತಲೂ ಜಾಸ್ತಿ. ಅದು ರೆಕ್ಕೆ ಬಿಚ್ಚಿದರೆ ಸುಮಾರು ನಾಲ್ಕು ಅಡಿ.

ತಲೆ ಕೆಳಗೆ ಯಾಕೆ ನೇತಾಡುತ್ತದೆ ಅಂತ ಮಕ್ಕಳೆಲ್ಲ ಕೇಳುತ್ತಾರೆ. ನೀವು ಸರಳು ಹಿಡಿದು ನೇತಾಡಿದರೆ ಸ್ವಲ್ಪ ಹೊತ್ತಿಗೇ ಕೈ ನೋಯುತ್ತದೆ, ಅಲ್ವಾ? ಬಾವಲಿಯ ಕಾಲಿನ ಕಟ್ಟು ಬೇರೆ. ಅದರ ಮೈಭಾರವೇ ಕಾಲಿನ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳನ್ನು ಎಳೆದು ಉಗುರುಗಳನ್ನು ಮಡಚಿ ಹಿಡಿಸುತ್ತದೆ. ಹಿಡಿಯಲಿಕ್ಕೆ ಶಕ್ತಿ ಬೇಡ. ಬಿಡಲಿಕ್ಕೆ ಮಾತ್ರ ಸ್ವಲ್ಪ ಬೇಕು. ಹಾಗಾಗಿ ನಿದ್ದೆಯಲ್ಲಿ ಬೀಳುವುದಿಲ್ಲ. ಹಾರಬೇಕು ಅನ್ನಿಸಿದಾಗ ಹಿಡಿತ ಬಿಟ್ಟು, ಬೀಳುತ್ತಾ ರೆಕ್ಕೆ ಬಿಚ್ಚುತ್ತದೆ. ನೆಲದಿಂದ ಏಳುವುದು ಬಹಳ ಬಗೆಯ ಬಾವಲಿಗಳಿಗೆ ಕಷ್ಟ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಜಾಗ ಹಿಡಿದು ಕೂತುಕೊಳ್ಳಿ

ಸೂರ್ಯ ಮುಳುಗುವ ಹತ್ತು ನಿಮಿಷ ಮೊದಲೇ ಹೋಗಿ. ಆಕಾಶ ಅಗಲವಾಗಿ ಕಾಣುವ ಕಡೆ, ಪಡುವಣಕ್ಕೆ ಮುಖ ಮಾಡಿ ಕೂತುಕೊಳ್ಳಿ. ಆ ಕಡೆ ಬೆಳಕು ಕೊನೆಯ ತನಕ ಉಳಿಯುತ್ತದೆ. ಅದರ ಎದುರು ಹಾರುವ ಬಾವಲಿ ಕಪ್ಪಾಗಿ, ಚೆನ್ನಾಗಿ ಕಾಣುತ್ತದೆ. ನೀರಿನ ಹತ್ತಿರವಾದರೆ ಇನ್ನೂ ಒಳ್ಳೆಯದು. ಅಲ್ಲಿ ಹುಳು ಜಾಸ್ತಿ, ಬಾವಲಿಯೂ ಜಾಸ್ತಿ.

ಟಾರ್ಚ್ ಹಾಕಬೇಡಿ. ಬರೆಯಲಿಕ್ಕೆ ಬೆಳಕು ಬೇಕೆನಿಸಿದರೆ ಟಾರ್ಚಿನ ಬಾಯಿಗೆ ಕೆಂಪು ಗಾಜುಕಾಗದ ಕಟ್ಟಿ ನೋಟ್‌ಬುಕ್ಕಿನ ಮೇಲೆ ಮಾತ್ರ ಬಿಡಿ. ಕಲ್ಲು, ಟವೆಲ್ ಮೇಲಕ್ಕೆ ಎಸೆದರೆ ಬಾವಲಿ ಕೆಳಗೆ ಬರುತ್ತದೆ ಅಂತ ದೊಡ್ಡ ಹುಡುಗರು ತೋರಿಸಬಹುದು. ಸಣ್ಣ ಬಾವಲಿ ಹುಳು ಅಂದುಕೊಂಡು ಹಿಂಬಾಲಿಸುವುದೂ ಉಂಟು. ಆದರೆ ಅದಕ್ಕೆ ಪೆಟ್ಟು ಬಿದ್ದರೆ ರೆಕ್ಕೆಯ ಮೂಳೆ ಮುರಿಯುತ್ತದೆ. ಅಂಥ ಆಟ ಬೇಡವೇ ಬೇಡ.

ಹಕ್ಕಿಗಳು ಗೂಡಿಗೆ ಹೋಗುವುದನ್ನು ನೋಡುತ್ತಾ ಇರಿ. ಒಂದು ಹೊತ್ತಿನಲ್ಲಿ ಹಕ್ಕಿಯ ಹಾರಾಟದ ಹಾಗಿಲ್ಲದ ಏನೋ ಒಂದು ಕಣ್ಣಂಚಿನಲ್ಲಿ ತಟಕ್ಕನೆ ತಿರುಗುತ್ತದೆ. ಗಡಿಯಾರ ನೋಡಿ, ಹೊತ್ತು ಬರೆದುಕೊಳ್ಳಿ.

ಸಣ್ಣದಾ, ದೊಡ್ಡದಾ?

ಮೊದಲ ದಿನ ಬಾವಲಿಯ ಹೆಸರು ಗೊತ್ತಾಗಬೇಕಿಲ್ಲ. ಅದು ಹಾರುವ ರೀತಿಯನ್ನು ಮಾತ್ರ ನೋಡಿ.

ಎಲ್ಲಕ್ಕಿಂತ ಮೊದಲು ಬರುವುದು ಸಾಮಾನ್ಯವಾಗಿ ಚಿಟ್ಟೆಗಿಂತ ಸ್ವಲ್ಪ ದೊಡ್ಡದಾಗಿ ಕಾಣುವ ಸಣ್ಣ ಬಾವಲಿ. ತೂಕ ಕೆಲವೇ ಗ್ರಾಂ. ಹಂಚಿನ ಮನೆಯಾದರೆ ಹಂಚು ಮತ್ತು ರೀಪಿನ ಸಂದಿಯಲ್ಲಿ, ತಾರಸಿ ಮನೆಯಾದರೆ ಗೋಡೆಯ ಬಿರುಕಿನಲ್ಲಿ ಹಗಲೆಲ್ಲ ಇರುತ್ತದೆ. ಹಾರುವಾಗ ನೇರ ಹೋಗುವುದೇ ಇಲ್ಲ. ಗಕ್ಕನೆ ಬಲಕ್ಕೆ, ಗಕ್ಕನೆ ಕೆಳಗೆ, ಮತ್ತೆ ಮೇಲೆ. ದಿಕ್ಕು ತಪ್ಪಿದ ಹಾಗೆ ಕಾಣುತ್ತದೆ. ಆದರೆ ಅದರ ಒಂದೊಂದು ತಿರುವೂ ಒಂದೊಂದು ಹುಳುವಿನ ಹಿಂದೆ ಹೋದ ಗುರುತು. ಒಂದು ನಿಮಿಷಕ್ಕೆ ಎಷ್ಟು ತಿರುವು ಅಂತ ಎಣಿಸಿ ನೋಡಿ. ಎಣಿಸಲಿಕ್ಕೆ ಹೋದಾಗಲೇ ಅದರ ಚುರುಕು ಗೊತ್ತಾಗುವುದು.

ಇನ್ನೂ ಕತ್ತಲಾದ ಮೇಲೆ ಆಕಾಶದ ಎತ್ತರದಲ್ಲಿ ಕಾಗೆಗಿಂತ ದೊಡ್ಡದು, ನಿಧಾನವಾಗಿ ರೆಕ್ಕೆ ಬಡಿಯುತ್ತಾ, ಎಲ್ಲಿಗೆ ಹೋಗಬೇಕೆಂದು ಗೊತ್ತಿರುವ ಹಾಗೆ ನೇರವಾಗಿ ಹೋಗುತ್ತದೆ. ಅದು ದೊಡ್ಡ ಹಣ್ಣಿನ ಬಾವಲಿ. ಮುಖ ನರಿಯ ಹಾಗೆ, ಕಣ್ಣು ದೊಡ್ಡದು. ಬಾವಲಿ ಕುರುಡು ಅನ್ನುವುದು ಸುಳ್ಳು. ಈ ದೊಡ್ಡ ಬಾವಲಿ ಕಣ್ಣು ಮತ್ತು ಮೂಗನ್ನೇ ನಂಬಿ ಹಣ್ಣು ಹುಡುಕುತ್ತದೆ.

ಮೂರನೆಯದು ಮನೆಯ ಹಿತ್ತಲಿಗೇ ಬರುವ ಮೋಟು ಮೂಗಿನ ಹಣ್ಣಿನ ಬಾವಲಿ. ಗಾತ್ರದಲ್ಲಿ ಗುಬ್ಬಿಗಿಂತ ದೊಡ್ಡದು, ಪಾರಿವಾಳಕ್ಕಿಂತ ಚಿಕ್ಕದು. ಸೀಬೆ, ಸಪೋಟ, ಗಸಗಸೆ ಹಣ್ಣಿನ ಮರದ ಸುತ್ತ ಒಂದೆರಡು ಸುತ್ತು ಹೊಡೆದು, ಒಂದು ಹಣ್ಣು ಕಿತ್ತುಕೊಂಡು ಹೊರಟೇ ಬಿಡುತ್ತದೆ. ಇದರ ಗಂಡು ತಾಳೆಯಂಥ ಮರದ ಎಲೆ, ಕಾಂಡಗಳನ್ನು ಕಚ್ಚಿ ಬಾಗಿಸಿ ಡೇರೆಯ ಹಾಗೆ ಮನೆ ಮಾಡುತ್ತದೆ. ಬಾವಲಿ ಮನೆ ಕಟ್ಟುತ್ತದೆ ಅಂತ ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ರಕ್ತ ಹೀರುವ ಬಾವಲಿ ಕಾಣುತ್ತಾ ಅಂತ ನನ್ನ ಅಣ್ಣನ ಮಗಳು ಕೇಳಿದ್ದಳು. "ಇಲ್ಲ ಪುಟ್ಟಿ, ಅವು ನಮ್ಮ ದೇಶದಲ್ಲೇ ಇಲ್ಲ" ಅಂದೆ. ರಕ್ತ ಕುಡಿದು ಬದುಕುವುದು ಮೂರೇ ಬಗೆ. ಮೂರೂ ಅಮೆರಿಕ ಖಂಡಗಳ ಮಧ್ಯ ಮತ್ತು ದಕ್ಷಿಣದ ಕಡೆಯವು. ಅವುಗಳಲ್ಲೂ ಒಂದು ಬಗೆ ಹಸಿದು ಬಂದ ಜೊತೆಗಾರನಿಗೆ ತಾನು ಕುಡಿದದ್ದನ್ನು ಕಕ್ಕಿ ಹಂಚುತ್ತದೆ. "ಕೂದಲಿಗೆ ಸಿಕ್ಕಿಕೊಳ್ಳುತ್ತಾ ಅತ್ತೆ?" ಅಂತಲೂ ಕೇಳಿದಳು. ಅದಕ್ಕೆ ಉತ್ತರ ಕೊಡಬೇಕಾದರೆ ಬಾವಲಿಯ ಕಿವಿಯ ವಿಷಯ ಹೇಳಬೇಕು.

ನಮಗೆ ಕೇಳದ ಕೂಗು

ಆಳವಾದ ಬಾವಿಯ ಕಟ್ಟೆಯ ಹತ್ತಿರ ಅಥವಾ ದೊಡ್ಡ ಬಂಡೆಯ ಎದುರು ನಿಂತು "ಕೂ" ಅಂತ ಕೂಗಿದ್ದೀರಾ? ಕೂಗು ತಿರುಗಿ ಬರುತ್ತದೆ. ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಂಡೆ 170 ಮೀಟರ್ ದೂರ ಇದ್ದರೆ ನಿಮ್ಮ ಕೂಗು ಹೋಗಿ ಬರಲಿಕ್ಕೆ ಒಂದು ಸೆಕೆಂಡ್. ಇದೇ ಲೆಕ್ಕವನ್ನು ಸಣ್ಣ ಬಾವಲಿ ಹಾರುತ್ತಾ ಹಾರುತ್ತಾ ಮಾಡುತ್ತದೆ. ಒಂದು ಹುಳು 1.7 ಮೀಟರ್ ದೂರದಲ್ಲಿದ್ದರೆ ಬಾವಲಿಯ ಕೂಗು ಅದಕ್ಕೆ ತಾಗಿ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತಿರುಗಿ ಬರುತ್ತದೆ. ಅಷ್ಟರಲ್ಲೇ ಹುಳು ಎಷ್ಟು ದೂರ, ಯಾವ ಕಡೆ ಅಂತೆಲ್ಲ ಅದಕ್ಕೆ ಗೊತ್ತಾಗುತ್ತದೆ.

ಹುಳು ಹುಡುಕುವಾಗ ಸೆಕೆಂಡಿಗೆ ಹತ್ತರಷ್ಟು ಸಲ ಕೂಗುತ್ತದೆ. ಹತ್ತಿರ ಬಂದ ಹಾಗೆ ಕೂಗು ದಟ್ಟವಾಗುತ್ತದೆ. ಹಿಡಿಯುವ ಕ್ಷಣಕ್ಕೆ ಕೆಲವು ಬಾವಲಿಗಳು ಸೆಕೆಂಡಿಗೆ 200ರ ತನಕ ಹೋಗುತ್ತವೆ. ಈ ಕೂಗುಗಳಲ್ಲಿ ಬಹುಪಾಲು 20,000 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 20,000 ಕಂಪನಕ್ಕಿಂತ, ಮೇಲಿನ ದನಿ. ನಮ್ಮ ಕಿವಿಗೆ ಅಲ್ಲಿಗೇ ಮಿತಿ. ಹಾಗಾಗಿ ಸಂಜೆ ನಿಶ್ಶಬ್ದವಾಗಿದೆ ಅಂತ ನಮಗೆ ಅನ್ನಿಸುತ್ತದೆ. ನಿಜಕ್ಕೂ ನಿಮ್ಮ ತಲೆಯ ಮೇಲೆ ದೊಡ್ಡ ಗಲಾಟೆಯೇ ನಡೆಯುತ್ತಿರುತ್ತದೆ.

ಇದು ಮನುಷ್ಯರಿಗೆ ಗೊತ್ತಾಗಲಿಕ್ಕೆ ಬಹಳ ಕಾಲ ಹಿಡಿಯಿತು. 1790ರ ದಶಕದಲ್ಲಿ ಇಟಲಿಯ ಸ್ಪಲಾಂಜಾನಿ ಅನ್ನುವ ವಿಜ್ಞಾನಿ ಒಂದು ವಿಷಯ ಗಮನಿಸಿದ. ಪೂರ್ತಿ ಕತ್ತಲಾದರೆ ಗೂಬೆ ಗೋಡೆಗೆ ತಾಗುತ್ತದೆ, ಬಾವಲಿ ತಾಗುವುದಿಲ್ಲ. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿನ್, ಕಿವಿ ಮುಚ್ಚಿದರೆ ಬಾವಲಿ ದಾರಿ ತಪ್ಪುತ್ತದೆ ಅಂತ ಕಂಡುಕೊಂಡ. ಶಬ್ದವೇ ಕೇಳದಿರುವಾಗ ಕಿವಿಯಿಂದ ದಾರಿ ಕಾಣುವುದು ಹೇಗೆ? ಹೆಚ್ಚಿನವರು ನಂಬಲಿಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡೊನಾಲ್ಡ್ ಗ್ರಿಫಿನ್, ನಮಗೆ ಕೇಳದ ದನಿಯನ್ನು ಹಿಡಿಯುವ ಯಂತ್ರದ ಮುಂದೆ ಬಾವಲಿಗಳನ್ನು ತಂದಾಗ ಉತ್ತರ ಸಿಕ್ಕಿತು.

ಕೂದಲಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸಣ್ಣ ಸೊಳ್ಳೆ ಎಲ್ಲಿದೆ ಅಂತ ಕತ್ತಲಲ್ಲಿ ತಿಳಿಯುವ ಪ್ರಾಣಿಗೆ ನಿಮ್ಮ ತಲೆ ಕಾಣದೆ ಇರುತ್ತದಾ? ಅದು ತಲೆಯ ಹತ್ತಿರ ಬಂದರೆ ಅಲ್ಲಿ ಸೊಳ್ಳೆಗಳಿವೆ ಅಂತ ಅರ್ಥ. ನೀವು ಕೂತಲ್ಲಿ ಸೊಳ್ಳೆ ಬಂದೇ ಬರುತ್ತವೆ.

ಮರುದಿನ ಬೆಳಗ್ಗೆ ಮರದಡಿ ಹುಡುಕಿ

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು. ರಾತ್ರಿ ಏನು ನಡೆಯಿತು ಅಂತ ಬೆಳಗ್ಗೆ ನೆಲದಲ್ಲಿ ಬರೆದಿರುತ್ತದೆ.

ನಾವು ಕಬ್ಬು ಜಗಿದು ರಸ ನುಂಗಿ ಸಿಪ್ಪೆ ಉಗುಳುತ್ತೇವಲ್ಲ, ಹಣ್ಣಿನ ಬಾವಲಿಯೂ ಹಾಗೇ. ಹಣ್ಣನ್ನು ಬಾಯಿಯೊಳಗೆ ಅಂಗುಳಕ್ಕೆ ಒತ್ತಿ ರಸ ಹಿಂಡಿಕೊಳ್ಳುತ್ತದೆ. ನಾರು, ಚರಟವನ್ನು ಚಪ್ಪಟೆ ಉಂಡೆ ಮಾಡಿ ಉಗುಳುತ್ತದೆ. ಅತ್ತಿ, ಸೀಬೆ, ನೇರಳೆ, ಕಾಡುಬಾದಾಮಿ, ಗೇರು, ಇವುಗಳ ಉಂಡೆ ಅಥವಾ ಕಚ್ಚಿದ ಹಣ್ಣು ನೆಲದ ಮೇಲೆ ಸಿಗುತ್ತದೆಯೇ ನೋಡಿ. ಕೈಯಿಂದ ಮುಟ್ಟಬೇಡಿ, ಕಡ್ಡಿಯಿಂದ ಕೆದಕಿ.

ಈಗ ಒಂದು ಮುಖ್ಯ ಪ್ರಶ್ನೆ ಕೇಳಿಕೊಳ್ಳಿ. ಈ ಹಣ್ಣಿನ ಮರ ಎಲ್ಲಿದೆ, ಉಂಡೆ ಬಿದ್ದಿರುವುದು ಎಲ್ಲಿ? ಬಹಳ ಸಲ ಎರಡೂ ಬೇರೆ ಬೇರೆ ಕಡೆ ಇರುತ್ತವೆ. ಹಣ್ಣು ಬಿಟ್ಟ ಮರದಲ್ಲೇ ಕೂತು ತಿಂದರೆ ಗೂಬೆ, ಹಾವು ಬರಬಹುದು, ಜೊತೆಯ ಬಾವಲಿಗಳ ಜಗಳವೂ ಇರುತ್ತದೆ. ಹಾಗಾಗಿ ಸಣ್ಣ ಹಣ್ಣಿನ ಬಾವಲಿ ಹಣ್ಣನ್ನು ಬಾಯಲ್ಲಿ ಕಚ್ಚಿಕೊಂಡು, ದಟ್ಟ ಎಲೆಯ ಇನ್ನೊಂದು ಮರಕ್ಕೆ ಹೋಗಿ ನೆಮ್ಮದಿಯಿಂದ ತಿನ್ನುತ್ತದೆ. ನಮ್ಮ ಮಾವಿನ ಮರ ಅವುಗಳ ಊಟದ ಮನೆಯಾಗಿತ್ತು! ಅಲ್ಲಿಗೆ ತಂದ ಅಡಿಕೆಯ ಸಿಪ್ಪೆಯ ರಸ ಕುಡಿದು ಕಾಯಿಯನ್ನು ಬಿಸಾಡುತ್ತಿದ್ದವು. ಅಜ್ಜಿ ಹೆಕ್ಕಿಸದೆ ಬಿಟ್ಟ ಕಾಯಿಗಳು ಮಳೆಗಾಲದಲ್ಲಿ ಅಲ್ಲೇ ಮೊಳೆಯುತ್ತಿದ್ದವು. ಮಾವಿನ ಬುಡದಲ್ಲಿ ಅಡಿಕೆ ಸಸಿ.

ಅತ್ತಿ, ಆಲದಂಥ ಹಣ್ಣಿನ ಸಾಸಿವೆಗಿಂತ ಸಣ್ಣ ಬೀಜಗಳು ರಸದ ಜೊತೆ ಹೊಟ್ಟೆಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಹಿಕ್ಕೆಯಲ್ಲಿ ಹೊರಬರುತ್ತವೆ. ಹಕ್ಕಿಗಳು ಕೊಂಬೆಯ ಮೇಲೆ ಕೂತಾಗ ಹಿಕ್ಕೆ ಹಾಕುವುದು ಜಾಸ್ತಿ. ಬಾವಲಿ ಹಾರುತ್ತಲೂ ಹಾಕುತ್ತದೆ. ಅದರಿಂದ ಬಯಲಿನಲ್ಲಿ, ಮರ ಕಡಿದ ಜಾಗದಲ್ಲಿ, ಹಳೆಯ ಗೋಡೆಯ ಮೇಲೆ ಬೀಜ ಬೀಳುತ್ತದೆ. ಕಾಡು ಕಳೆದುಹೋದ ಕಡೆ ಮೊದಲ ಗಿಡ ಮೂಡಲಿಕ್ಕೆ ಇದೇ ಬೇಕಾದದ್ದು. ಕರಾವಳಿಯಲ್ಲಿ ಸುರಹೊನ್ನೆಯ ಕಾಯಿಯನ್ನೂ ಬಾವಲಿ ಹೀಗೇ ಹೊತ್ತು ಹಾಕುತ್ತದೆ.

ಹೂವಿನ ಕಡೆಯೂ ಒಂದು ಕಣ್ಣಿರಲಿ. ಹಿತ್ತಲಿನ ಬಾಳೆಗೆ ಮೂತಿ ಬಂದಿದ್ದರೆ ರಾತ್ರಿ ಎಂಟರ ಹೊತ್ತಿಗೆ ಕಿಟಕಿಯಿಂದ ನೋಡಿ. ಮಕರಂದ ಕುಡಿಯಲಿಕ್ಕೆ ಬಾವಲಿ ಬರುತ್ತದೆ. ನಾವು ನೆಟ್ಟ ಬಾಳೆಗೆ ಬೀಜವಿಲ್ಲ, ಅದಕ್ಕೆ ಪರಾಗ ಬೇಕಿಲ್ಲ. ಆದರೆ ಕಾಡುಬಾಳೆಗೆ ಬೇಕು. ಹಿಪ್ಪೆ, ಬೂರುಗದ ಮರಗಳಿಗೂ ಬಾವಲಿ ರಾತ್ರಿಯ ನೆಂಟ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡ ಹುಣಸೆ ಅಂತ ಕರೆಯುವ ಬಾವೊಬಾಬ್ ಮರಗಳಿವೆ. ಆಫ್ರಿಕದಿಂದ ಬಂದ ಜಾತಿ ಅದು. ಅದರ ದೊಡ್ಡ ಬಿಳಿ ಹೂವು ಮುಸ್ಸಂಜೆಗೆ ಬಿರಿದು ಮರುದಿನಕ್ಕೆ ಬಾಡುತ್ತದೆ. ಹಗಲಿನ ಜೇನುಹುಳುವಿಗಾಗಿ ಕಾಯದ ಹೂವು ಅದು. ಆಫ್ರಿಕದ ಬಹಳ ಕಡೆ ಅದಕ್ಕೆ ಹಣ್ಣಿನ ಬಾವಲಿಗಳು ಪರಾಗ ತಲುಪಿಸುತ್ತವೆ.

ಹುಳು ತಿನ್ನುವ ಬಾವಲಿಯ ಕೆಲಸಕ್ಕೆ ಇಂಥ ಗುರುತು ನೆಲದಲ್ಲಿ ಕಾಣುವುದಿಲ್ಲ. ಗೋಡೆಯ ಬುಡದಲ್ಲಿ ಅಕ್ಕಿಕಾಳಿನಂಥ ಕಪ್ಪು ಹಿಕ್ಕೆ ಸಿಗಬಹುದು. ಅದು ಇಲಿಯದ್ದಾ, ಬಾವಲಿಯದ್ದಾ? ಕಡ್ಡಿಯಿಂದ ಒತ್ತಿ ನೋಡಿ. ಬಾವಲಿಯದ್ದಾದರೆ ಪುಡಿಪುಡಿಯಾಗುತ್ತದೆ, ಹುಳುವಿನ ರೆಕ್ಕೆಯ ಚೂರು ಮಿನುಗುತ್ತದೆ. ಮರಿಗೆ ಹಾಲು ಕೊಡುವ ತಾಯಿ ಒಂದೇ ರಾತ್ರಿಯಲ್ಲಿ ತನ್ನ ತೂಕದ ಹತ್ತಿರ ಹತ್ತಿರದಷ್ಟು ಹುಳು ತಿನ್ನಬಲ್ಲದು. ಅದರಲ್ಲಿ ಬತ್ತ, ಹತ್ತಿ, ತರಕಾರಿ ತಿನ್ನುವ ಪತಂಗ, ಜಿಗಿಹುಳು, ದುಂಬಿ ಎಲ್ಲ ಸೇರಿವೆ. 2011ರಲ್ಲಿ ಅಮೆರಿಕದ ಸಂಶೋಧಕರು ಒಂದು ಅಂದಾಜು ಕೊಟ್ಟರು. ಬಾವಲಿಗಳು ಇಲ್ಲದಿದ್ದರೆ ಆ ದೇಶದ ರೈತರಿಗೆ ವರ್ಷಕ್ಕೆ ಕಡಿಮೆ ಅಂದರೂ 370 ಕೋಟಿ ಡಾಲರ್ ನಷ್ಟ. ಆ ಕೆಲಸವನ್ನು ಔಷಧಿ ಹೊಡೆದು ಮಾಡಬೇಕಾದರೆ ನಮ್ಮ ಬಾವಿಯ ನೀರಿಗೂ ಅದೇ ಇಳಿಯುತ್ತದೆ.

ಹಣ್ಣು ಬೆಳೆಯುವವರಿಗೆ ಬಾವಲಿಯಿಂದ ನಷ್ಟ ಆಗುವುದೂ ಉಂಟು. ದ್ರಾಕ್ಷಿ, ಸಪೋಟ, ಸೀಬೆಯ ತೋಟದವರನ್ನು ಕೇಳಿದರೆ ಹೇಳುತ್ತಾರೆ. ಅವರ ಕಷ್ಟ ಸಣ್ಣದಲ್ಲ. ಬಲೆ ಕಟ್ಟಲೇಬೇಕಾದರೆ ಕಣ್ಣು ಚಿಕ್ಕದಿರುವ, ಕಣ್ಣಿಗೆ ಕಾಣುವ ಬಲೆಯನ್ನು ಬಿಗಿಯಾಗಿ ಕಟ್ಟಿ ಅಂತ ಮನೆಯವರಿಗೆ ಹೇಳಿ. ಸಡಿಲವಾಗಿ ಜೋಲುವ ತೆಳ್ಳನೆಯ ನೈಲಾನ್ ಬಲೆಯಲ್ಲಿ ಸಿಕ್ಕಿದ ಬಾವಲಿ ಬಿಡಿಸಿಕೊಳ್ಳಲಾರದೆ ಸಾಯುತ್ತದೆ.

ಆಲದ ಮರದ ಊರಿಗೆ ಹೋಗಿ

ಸುತ್ತಮುತ್ತ ಎಲ್ಲಾದರೂ ಬಾವಲಿಗಳು ನೇತಾಡುವ ದೊಡ್ಡ ಆಲ, ಅರಳಿ, ಹುಣಸೆ, ಮಾವಿನ ಮರ ಇದೆಯಾ ಅಂತ ಹಿರಿಯರನ್ನು ಕೇಳಿ. ಇಂಥ ಮರಗಳು ಊರಿಗೆಲ್ಲ ಗೊತ್ತಿರುತ್ತವೆ. ಹಗಲಲ್ಲಿ ಹೋಗಿ, ಮರದ ಕೆಳಗೆ ಹೋಗದೆ ಐವತ್ತು ಹೆಜ್ಜೆ ದೂರದಲ್ಲಿ ನಿಂತುಕೊಳ್ಳಿ. ಕೂಗಾಟ, ಚಪ್ಪಾಳೆ ಬೇಡ.

ನೋಡಲಿಕ್ಕೆ ಬಹಳ ಇದೆ. ಕೆಲವು ನಿದ್ದೆ ಮಾಡುತ್ತವೆ, ಕೆಲವು ಜಾಗಕ್ಕೆ ಜಗಳವಾಡುತ್ತವೆ. ಬಿಸಿಲೇರಿದ ಹಾಗೆ ರೆಕ್ಕೆಯಿಂದ ಬೀಸಣಿಗೆಯ ಹಾಗೆ ಗಾಳಿ ಹಾಕಿಕೊಳ್ಳುತ್ತವೆ. ಮೈ ತಣ್ಣಗಾಗಲಿ ಅಂತ ಎದೆ, ರೆಕ್ಕೆ ನೆಕ್ಕಿಕೊಳ್ಳುತ್ತವೆ. ಒಂದು ಬಾವಲಿ ಇದ್ದಕ್ಕಿದ್ದ ಹಾಗೆ ಹೆಬ್ಬೆರಳ ಕೊಕ್ಕೆಯಿಂದ ಕೊಂಬೆ ಹಿಡಿದು ತಲೆ ಮೇಲೆ ಮಾಡಿಕೊಂಡರೆ ಅದು ಉಚ್ಚೆ ಮಾಡುವ ಹೊತ್ತು. ಮುಖದ ಮೇಲೆ ಬೀಳಬಾರದಲ್ಲ! ಬೇಸಿಗೆಯಲ್ಲಿ ತಾಯಿಯ ಎದೆಗೆ ಮರಿ ಕಚ್ಚಿಕೊಂಡಿರುವುದು ಕಾಣಬಹುದು. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಇಲಿಯ ಹಾಗೆ ಹತ್ತಾರು ಮರಿ ಹಾಕುವ ಪ್ರಾಣಿ ಅಲ್ಲ ಇದು. ಒಂದು ಮರ ಕಡಿದು ನೂರು ಬಾವಲಿ ಸತ್ತರೆ ಆ ನೂರು ತುಂಬಿಕೊಳ್ಳಲಿಕ್ಕೆ ಬಹಳ ವರ್ಷ ಬೇಕು.

ಎಣಿಸಬೇಕು ಅಂತಿದ್ದರೆ ಸಂಜೆ ಹೋಗಿ. ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಆಕಾಶ ನೋಡುತ್ತಾ ಹತ್ತರ ಗುಂಪಾಗಿ "ಹತ್ತು, ಹತ್ತು" ಅಂತ ಹೇಳುತ್ತಾ ಹೋಗಿ, ಇನ್ನೊಬ್ಬರು ಗೆರೆ ಎಳೆಯಿರಿ. ಮರದಿಂದ ಹೊರಡುವುದು ಒಂದೇ ದಿಕ್ಕಿಗಾ, ಎರಡು ದಿಕ್ಕಿಗಾ ಅಂತ ಮೊದಲ ದಿನವೇ ಗೊತ್ತಾಗುತ್ತದೆ. ಎರಡನೇ ದಿನ ಸರಿಯಾದ ಜಾಗದಲ್ಲಿ ನಿಲ್ಲಬಹುದು. ತಿಂಗಳಿಗೊಂದು ಸಲ, ಒಂದೇ ಜಾಗದಲ್ಲಿ ನಿಂತು ಎಣಿಸಿದರೆ ವರ್ಷದ ಕೊನೆಗೆ ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಊರಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಲೆಕ್ಕ ಇರುತ್ತದೆ.

ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ಮರದ ಬಾವಲಿಗಳು ಹೆದರುತ್ತವೆ ಅಂತ ದೀಪಾವಳಿಗೆ ಪಟಾಕಿಯನ್ನೇ ಹೊಡೆಯುವುದಿಲ್ಲ. ಮಕ್ಕಳೂ ಹೊಡೆಯುವುದಿಲ್ಲ. ಅವರ ಬಗ್ಗೆ ನನಗೆ ತುಂಬಾ ಗೌರವ.

ಗುಹೆಗೆ ಮಾತ್ರ ಹೋಗಬೇಡಿ

ಯಾಕೆ ಅಂತ ತಿಳಿಯಬೇಕಾದರೆ ಕೋಲಾರಕ್ಕೆ ಹೋಗಬೇಕು. ಅಲ್ಲಿ ಹನುಮನಹಳ್ಳಿ ಅನ್ನುವ ಊರು. ಊರ ಹತ್ತಿರ ಬಂಡೆ ಗುಡ್ಡ, ಗುಡ್ಡದಲ್ಲಿ ಒಂದು ಗುಹೆ. ಆ ಗುಹೆಯೊಳಗೆ ಕೋಲಾರದ ಎಲೆಮೂಗಿನ ಬಾವಲಿ ಇದೆ. ಮೂಗಿನ ಮೇಲೆ ಎಲೆಯ ಹಾಗೆ ಮಡಿಕೆ ಮಡಿಕೆ ಚರ್ಮ. ಈ ಜಾತಿಯ ಬಾವಲಿ ಮೂಗಿನಿಂದ ಕೂಗುತ್ತದೆ. ಆ ಎಲೆ, ಕೂಗನ್ನು ಬೇಕಾದ ಕಡೆಗೆ ತಿರುಗಿಸುತ್ತದೆ.

ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1994ರಲ್ಲಿ. ಇಡೀ ಲೋಕದಲ್ಲಿ ಈ ಬಾವಲಿ ಈಗ ಗೊತ್ತಿರುವುದು ಆ ಒಂದೇ ಗುಹೆಯಲ್ಲಿ. ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು 200ಕ್ಕಿಂತ ಕಡಿಮೆ. ನಿಮ್ಮ ಶಾಲೆಯ ಒಂದು ಸಾಲು ತರಗತಿಯ ಮಕ್ಕಳಷ್ಟು. ಸುತ್ತ ಗ್ರಾನೈಟ್ ಕಲ್ಲಿಗಾಗಿ ಬಂಡೆ ಒಡೆಯುತ್ತಿದ್ದರು. ಒಂದು ಗುಡ್ಡ ಹೋದರೆ ಒಂದು ಜೀವಜಾತಿಯೇ ಹೋಗುತ್ತಿತ್ತು. ಬಾವಲಿಗಳಿಗಾಗಿ ದುಡಿಯುವವರು ಮತ್ತು ಅರಣ್ಯ ಇಲಾಖೆ ಸೇರಿ ಅದನ್ನು ಉಳಿಸಲಿಕ್ಕೆ ನಿಂತರು. ಹುಲಿಗೆ, ಆನೆಗೆ ಇರುವಷ್ಟು ಹೆಸರು ಇದಕ್ಕಿಲ್ಲ. ಆದರೆ ನಮ್ಮ ರಾಜ್ಯ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ ಅದು. ನಮ್ಮದೇ ಅಂತ ಹೆಮ್ಮೆಯಿಂದ ಹೇಳಬಹುದಾದ ಪ್ರಾಣಿ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಬಾರಾಪೇಡೆ ಗುಹೆಗಳಿವೆ. ಅಲ್ಲಿ ದೊಡ್ಡ ಕಿವಿಯ, ರಾಟನ್ ಅನ್ನುವವರ ಹೆಸರಿನ ಬಾವಲಿ ಇದೆ. ನೂರು ವರ್ಷದ ಹಿಂದೆ ಅದು ಮೊದಲು ಸಿಕ್ಕಿದ್ದೇ ಅಲ್ಲಿ. ಬಹಳ ಕಾಲ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಅಂತಲೇ ನಂಬಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು.

ಗುಹೆಯೊಳಗೆ ಬೆಳಕು, ಹೊಗೆ, ಮಾತು ತಂದರೆ ಮರಿ ಹೊತ್ತ ತಾಯಂದಿರು ಗಾಬರಿಯಿಂದ ಹಾರುತ್ತವೆ. ಮರಿ ಕೆಳಗೆ ಬೀಳುತ್ತದೆ. ಹಾಗಾಗಿ ಗುಹೆ, ಪಾಳು ಕೋಟೆಯ ಕತ್ತಲೆ ಕೋಣೆ, ಸುರಂಗ ಇವುಗಳ ಒಳಗೆ ಇಣುಕುವುದು ಬೇಡ. ಸಂಜೆ ಗುಹೆಯ ಬಾಯಿಯಿಂದ ದೂರ ಕೂತರೆ ಅವೇ ಹೊರಗೆ ಬರುತ್ತವೆ.

ಮುಟ್ಟಬೇಡಿ, ಹೆದರಲೂ ಬೇಡಿ

2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಫಾ ಜ್ವರ ಬಂತು. ಆ ವೈರಸ್ ದೊಡ್ಡ ಹಣ್ಣಿನ ಬಾವಲಿಯಲ್ಲಿ ಇರುತ್ತದೆ. ಅದು ನಿಜ, ಮುಚ್ಚಿಡಬಾರದು. ಹಾಗಂತ ಎಲ್ಲ ಬಾವಲಿಯಲ್ಲೂ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಆಕಾಶದಲ್ಲಿ ಹಾರುವ ಬಾವಲಿಯನ್ನು ನೋಡಿದರೆ ರೋಗ ಬರುವುದಿಲ್ಲ. ನಿಯಮ ಇಷ್ಟೇ. ಹಕ್ಕಿ, ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. ಹಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆದು ತಿನ್ನಿ. ಸತ್ತ ಅಥವಾ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮರದಡಿ ಹುಡುಕಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನಾನು ಆಗ ಬರಿಗೈಯಲ್ಲಿ ಅಡಿಕೆ ಹೆಕ್ಕಿದ್ದೆ. ನೀವು ಹಾಗೆ ಮಾಡಬೇಡಿ, ಕೈಗವಸು ಹಾಕಿಕೊಳ್ಳಿ.

ಎಲ್ಲಾದರೂ ಬಾವಲಿ ಕಚ್ಚಿದರೆ, ಪರಚಿದರೆ, ಸಣ್ಣ ಗಾಯವಾದರೂ ಸರಿ, ಮನೆಯವರಿಗೆ ಹೇಳದೆ ಇರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಚುಚ್ಚುಮದ್ದು ಬೇಕೇ ಅಂತ ಡಾಕ್ಟರು ಹೇಳುತ್ತಾರೆ.

ರೋಗದ ಹೆದರಿಕೆಯಿಂದ ಬಾವಲಿ ಇರುವ ಮರ ಕಡಿಯುವವರಿದ್ದಾರೆ. ಅದರಿಂದ ರೋಗ ಕಡಿಮೆಯಾಗುವುದಿಲ್ಲ. ಮನೆ ಕಳೆದುಕೊಂಡ ಬಾವಲಿಗಳು ಚೆದುರಿ ನಮ್ಮ ಮನೆಗಳ ಹತ್ತಿರವೇ ಬರುತ್ತವೆ. ಹಸಿವು, ಗಾಬರಿ ಇದ್ದಾಗ ಅವುಗಳ ಮೈಯಿಂದ ವೈರಸ್ ಹೊರಬರುವುದೂ ಜಾಸ್ತಿ. ಅವುಗಳನ್ನು ಅವುಗಳ ಪಾಡಿಗೆ ಬಿಡುವುದೇ ನಮಗೂ ಕ್ಷೇಮ. 1972ರ ವನ್ಯಜೀವಿ ಕಾಯ್ದೆ ಹಣ್ಣಿನ ಬಾವಲಿಯನ್ನು ಇಲಿ, ಕಾಗೆಯ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. ಯಾರು ಬೇಕಾದರೂ ಕೊಲ್ಲಬಹುದಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಐವತ್ತು ವರ್ಷ ಬೇಕಾಯಿತು.

ಮನೆಯೊಳಗೆ ಬಂದರೆ

ಮೊದಲು ಫ್ಯಾನ್ ಆರಿಸಿ. ಇದನ್ನು ಮರೆಯಬೇಡಿ, ಮನೆಯೊಳಗೆ ಬಂದ ಬಾವಲಿಗೆ ದೊಡ್ಡ ಅಪಾಯ ಅದೇ. ಆಮೇಲೆ ಒಳಕೋಣೆಗಳ ಬಾಗಿಲು ಹಾಕಿ, ಹೊರಗಿನ ಕಿಟಕಿ, ಬಾಗಿಲು ತೆಗೆಯಿರಿ. ಆ ಕೋಣೆಯ ದೀಪ ಆರಿಸಿ. ಎಲ್ಲರೂ ಹೊರಗೆ ಬಂದು ಸುಮ್ನೆ ಕೂತುಕೊಳ್ಳಿ. ಪೊರಕೆ, ಟವೆಲ್ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಅದೇ ದಾರಿ ಹುಡುಕಿಕೊಂಡು ಹೋಗುತ್ತದೆ. ಬಾವಲಿ ಒಳಗೆ ಬಂದರೆ ಕೆಟ್ಟದಾಗುತ್ತದೆ ಅಂತ ಮನೆಯ ಹಿರಿಯರು ಹೇಳಿದರೆ ಜಗಳವಾಡಬೇಡಿ. ಅದು ದೀಪಕ್ಕೆ ಬಂದ ಹುಳುವಿನ ಹಿಂದೆ ಬಂದದ್ದು ಅಂತ ತೋರಿಸಿ.

ನೆಲಕ್ಕೆ ಬಿದ್ದಿದ್ದರೆ? ನೆಲದಿಂದ ಏಳುವುದು ಕಷ್ಟ ಅಂದೆನಲ್ಲ. ದೊಡ್ಡವರನ್ನು ಕರೆಯಿರಿ. ಅವರು ದಪ್ಪ ಕೈಗವಸು ಹಾಕಿಕೊಂಡು, ಬಾವಲಿಯ ಮೇಲೆ ರಟ್ಟಿನ ಡಬ್ಬಿ ಕವುಚಿ, ಅಡಿಗೆ ಇನ್ನೊಂದು ರಟ್ಟು ತೂರಿಸಿ, ಮರದ ಕಾಂಡದ ಮೇಲೆ ಎತ್ತರಕ್ಕೆ ಬಿಡಲಿ. ಅಲ್ಲಿಂದ ಅದು ಹಾರಬಲ್ಲದು. ಗಾಯವಾಗಿದ್ದರೆ, ಗಾಳಿಪಟದ ಮಾಂಜಾ ಅಥವಾ ಮುಳ್ಳುತಂತಿಗೆ ಸಿಕ್ಕಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿಸಿ. ಮರಿಗೆ ಹಸುವಿನ ಹಾಲು ಕುಡಿಸಬೇಡಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು?

ತಾರೀಕು, ಜಾಗ, ಸೂರ್ಯ ಮುಳುಗಿದ ಹೊತ್ತು, ಮೊದಲ ಬಾವಲಿ ಕಂಡ ಹೊತ್ತು, ಸಣ್ಣದಾ ದೊಡ್ಡದಾ, ಹಾರಿದ ದಿಕ್ಕು, ಮೋಡ ಇತ್ತಾ, ಚಂದ್ರ ಇತ್ತಾ. ಹತ್ತಿರದಲ್ಲಿ ಹೊಸ ಬೀದಿದೀಪ ಬಂದಿದ್ದರೆ ಅದನ್ನೂ ಬರೆಯಿರಿ. ದೀಪ ಬಂದ ಮೇಲೆ ಬಾವಲಿ ಜಾಸ್ತಿಯಾದವೇ, ಕಡಿಮೆಯಾದವೇ ಅಂತ ನಿಮಗೇ ಗೊತ್ತಾಗುತ್ತದೆ.

ಹಿತ್ತಲಲ್ಲಿ ಜಾಗವಿದ್ದರೆ ಒಂದು ಗಸಗಸೆ ಹಣ್ಣಿನ ಗಿಡ ನೆಡಿ. ಬೇಗ ಬೆಳೆದು ಹಣ್ಣು ಬಿಡುತ್ತದೆ. ಹಗಲಲ್ಲಿ ನಿಮಗೆ, ರಾತ್ರಿ ಬಾವಲಿಗೆ. ಊರಿನ ಗೋಮಾಳದಲ್ಲಿ, ಶಾಲೆಯ ಅಂಚಿನಲ್ಲಿ ನೆಡುವುದಾದರೆ ಅತ್ತಿ, ಆಲ, ಹಿಪ್ಪೆ ಕೇಳಿ ತರಿಸಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಣ್ಣನ ಮಗಳ ನೋಟ್‌ಬುಕ್ಕು ನೋಡಿದೆ. ಒಂದು ಪುಟದಲ್ಲಿ ಹೀಗಿತ್ತು: "6.05ಕ್ಕೆ ಸಣ್ಣದು ಒಂದು. 6.20ಕ್ಕೆ ನಾಲ್ಕು. ದೊಡ್ಡದು ಮೂರು, ಹೊಳೆಯ ಕಡೆ ಹೋದವು. ಬೆಳಗ್ಗೆ ಮಾವಿನ ಮರದಡಿ ಅಡಿಕೆ 17." ಮುಂದಿನ ಪುಟದಲ್ಲಿ ಒಂದೇ ಸಾಲು: "ಮಳೆ. ಒಂದೂ ಬರಲಿಲ್ಲ." ಬಾವಲಿ ಬಾರದ ಸಂಜೆಯನ್ನೂ ಹೀಗೇ ಬರೆದಿಡಿ. ಅದೂ ಲೆಕ್ಕಕ್ಕೆ ಬೇಕು.